ಕಸದಿಂದ ರಸ: ಆರ್.ಓ. ಘಟಕದ ರಿಜೆಕ್ಟ್ ನೀರಿನಲ್ಲಿ ಅಲಂಕಾರಿಕ ಮೀನುಮರಿಗಳ ಸಾಕಣೆ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ 20 ಲೀಟರಿನ ಕ್ಯಾನುಗಳನ್ನು ಹಿಡಿದು ನಿಂತ ಜನರನ್ನು ಕಾಣುವುದು ಸಾಮಾನ್ಯ. ಘಟಕದ ಮುಂಭಾಗದಲ್ಲಿ ನಡೆಯುವ ಈ ವ್ಯವಹಾರ ಎಲ್ಲರ ಕಣ್ಣಿಗೂ ಬೀಳುತ್ತದೆ. ಹಿಂಭಾಗದ ಕೊಳವೆಯಿಂದ ಚರಂಡಿಗೆ ಹರಿದುಹೋಗುವ ನೀರಿನ ಕಡೆಗೆ ಮಾತ್ರ ಗಮನ ಹರಿಸುವವರು ವಿರಳ. ನೂರಾರು ಅಡಿ ಆಳದ ಕೊಳವೆಬಾವಿಯಿಂದ ವಿದ್ಯುತ್ ವೆಚ್ಚ ಮಾಡಿ ಮೇಲೆತ್ತಿದ ನೀರಿನಲ್ಲಿ ದೊಡ್ಡ ಪಾಲು ಹೀಗೆ ವ್ಯರ್ಥವಾಗುತ್ತಿರುವುದು ವಿಷಾದನೀಯ.

ಇನ್ನೊಂದೆಡೆ ಅಲಂಕಾರಿಕ ಮೀನುಗಳಿಗೆ ನಗರಗಳಲ್ಲಿ ನಿರಂತರ ಬೇಡಿಕೆಯಿದೆ. ಚೆನ್ನೈ ನಗರದ ಕೊಳತ್ತೂರು ಈ ಮೀನುಗಳ ವ್ಯಾಪಾರಕ್ಕೆ ದೇಶದಲ್ಲೇ ಹೆಸರಾದ ಸ್ಥಳವಾಗಿದ್ದು, ಬೆಂಗಳೂರಿನ ಅಂಗಡಿಗಳಿಗೆ ಚೆನ್ನೈ ಕಡೆಯಿಂದ ಮೀನು ಬರುವುದು ವಾಡಿಕೆಯಾಗಿದೆ. ಈ ಎರಡು ಸಂಗತಿಗಳನ್ನು ಜೋಡಿಸಿ, ಘಟಕದ ರಿಜೆಕ್ಟ್ ನೀರಿನಲ್ಲಿ ಮೀನುಮರಿಗಳನ್ನು ಸಾಕಿ ಸ್ಥಳೀಯವಾಗಿ ಮಾರಬಾರದೇಕೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಸಾಕಬಹುದು. ಆದರೆ ಪುಕ್ಕಟೆ ನೀರು ಸಿಕ್ಕಿತೆಂಬ ಒಂದೇ ಕಾರಣಕ್ಕೆ ಈ ಉದ್ಯಮಕ್ಕೆ ಇಳಿಯುವುದು ಅಪಾಯಕಾರಿ. ಆ ನೀರಿನಲ್ಲಿ ಏನಿದೆ, ಅದು ಯಾವ ಮೀನಿಗೆ ಒಗ್ಗುತ್ತದೆ ಮತ್ತು ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡ ನಂತರವೇ ಬಂಡವಾಳ ತೊಡಗಿಸುವುದು ವಿವೇಕಯುತ.

ನೀರಿನ ಜಮಾ-ಖರ್ಚು

ರಿವರ್ಸ್ ಆಸ್ಮೋಸಿಸ್ ಅಥವಾ ಹಿಮ್ಮುಖ ಅಭಿಸರಣೆಯ ತತ್ವ ಸರಳವಾದುದು. ಒತ್ತಡದಿಂದ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಹಾಯಿಸಿದಾಗ ನೀರು ದಾಟುತ್ತದೆ, ಲವಣಗಳಲ್ಲಿ ಹೆಚ್ಚಿನ ಪಾಲು ಹಿಂದೆಯೇ ಉಳಿಯುತ್ತದೆ. ಈ ವಿಧಾನಕ್ಕೆ ವ್ಯಾವಹಾರಿಕ ರೂಪ ಕೊಟ್ಟ ಪೊರೆಯನ್ನು 1960ರ ಸುಮಾರಿಗೆ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಅವರು ರೂಪಿಸಿದರು. ಪೊರೆಯು ಲವಣವನ್ನು ನಾಶ ಮಾಡುವುದಿಲ್ಲ, ವಿಂಗಡಿಸುತ್ತದೆ ಅಷ್ಟೇ. ಆದ್ದರಿಂದ ಒಳಗೆ ಬಂದ ಲವಣದ ಲೆಕ್ಕ ಹೊರಗೆ ಹೋದ ಲವಣದ ಲೆಕ್ಕಕ್ಕೆ ತಾಳೆಯಾಗಲೇಬೇಕು.

ಉದಾಹರಣೆಗೆ, ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ 900 ಮಿಲಿಗ್ರಾಂ ಕರಗಿದ ಲವಣಾಂಶ, ಅಂದರೆ ಟಿ.ಡಿ.ಎಸ್., ಇದೆಯೆಂದು ಭಾವಿಸೋಣ. 1000 ಲೀಟರ್ ನೀರಿನೊಡನೆ 900 ಗ್ರಾಂ ಲವಣ ಘಟಕದೊಳಗೆ ಬರುತ್ತದೆ. ಘಟಕವು ಅರ್ಧ ನೀರನ್ನು ಶುದ್ಧಗೊಳಿಸಿ, ಆ 500 ಲೀಟರಿನಲ್ಲಿ ಲೀಟರಿಗೆ 50 ಮಿಲಿಗ್ರಾಂ ಉಳಿಸಿದರೆ, ಶುದ್ಧ ನೀರಿನೊಡನೆ ಹೋಗುವ ಲವಣ ಕೇವಲ 25 ಗ್ರಾಂ. ಉಳಿದ 875 ಗ್ರಾಂ ರಿಜೆಕ್ಟ್ ನೀರಿನ 500 ಲೀಟರಿನಲ್ಲಿ ಸೇರಿ, ಅದರ ಟಿ.ಡಿ.ಎಸ್. 1750ಕ್ಕೆ ಏರುತ್ತದೆ. ಮನೆಗಳಲ್ಲಿನ ಸಣ್ಣ ಯಂತ್ರಗಳಂತೆ ಕಾಲು ಭಾಗ ನೀರನ್ನು ಮಾತ್ರ ಶುದ್ಧಗೊಳಿಸಿದರೆ ರಿಜೆಕ್ಟ್ ನೀರಿನ ಟಿ.ಡಿ.ಎಸ್. ಸುಮಾರು 1183 ಮಾತ್ರ. ಮುಕ್ಕಾಲು ಭಾಗ ಶುದ್ಧಗೊಳಿಸಿದರೆ 3450.

ಇಲ್ಲಿ ಉದ್ದಿಮೆದಾರರು ಗಮನಿಸಬೇಕಾದ ಅಂಶವೊಂದಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2019ರ ಮೇ ತಿಂಗಳಿನಲ್ಲಿ ನೀಡಿದ ಆದೇಶದಲ್ಲಿ, ಆರ್.ಓ. ಬಳಕೆಗೆ ಅವಕಾಶವಿರುವ ಕಡೆ ಶೇ. 60ಕ್ಕಿಂತ ಹೆಚ್ಚು ನೀರನ್ನು ಶುದ್ಧ ನೀರಾಗಿ ಪಡೆಯಬೇಕೆಂದು ಸೂಚಿಸಿತು. ನೀರಿನ ಉಳಿತಾಯದ ದೃಷ್ಟಿಯಿಂದ ಇದು ಸರಿಯಾದ ಕ್ರಮ. ಆದರೆ ಮೇಲಿನ ಉದಾಹರಣೆಯಲ್ಲಿ ಶೇ. 60ರಷ್ಟು ಶುದ್ಧ ನೀರು ಪಡೆದರೆ ರಿಜೆಕ್ಟ್ ನೀರಿನ ಟಿ.ಡಿ.ಎಸ್. 2175 ಆಗುತ್ತದೆ. ಅಂದರೆ ಘಟಕದ ದಕ್ಷತೆ ಹೆಚ್ಚಿದಷ್ಟೂ ರಿಜೆಕ್ಟ್ ನೀರಿನ ಪ್ರಮಾಣ ತಗ್ಗುತ್ತದೆ, ಉಪ್ಪು ಹೆಚ್ಚುತ್ತದೆ. ಇಂದಿನ ನೀರನ್ನು ನಂಬಿ ಮೀನಿನ ತೊಟ್ಟಿ ಕಟ್ಟಿಸುವವರು, ನಾಳೆ ಘಟಕದ ಪೊರೆ ಅಥವಾ ಪಂಪು ಬದಲಾದರೆ ನೀರಿನ ಗುಣವೂ ಬದಲಾಗುತ್ತದೆ ಎಂಬುದನ್ನು ಮರೆಯಬಾರದು.

ಯಾವ ಮೀನಿಗೆ ಈ ನೀರು ಒಗ್ಗುತ್ತದೆ?

ನೀರಿಗೆ ತಕ್ಕ ಮೀನನ್ನು ಆರಿಸಬೇಕೇ ವಿನಾ ಮೀನಿಗೆ ತಕ್ಕಂತೆ ನೀರನ್ನು ತಿದ್ದಲು ಹೊರಟರೆ ವೆಚ್ಚಕ್ಕೆ ಮಿತಿಯಿರುವುದಿಲ್ಲ. ಗಪ್ಪಿ, ಮೊಲ್ಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಮೀನುಗಳು ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತವೆ. ಇವು ಗಡಸು ನೀರಿಗೂ ತುಸು ಉಪ್ಪು ನೀರಿಗೂ ಒಗ್ಗುವ ಜಾತಿಗಳು. ಮೊಲ್ಲಿಯಂತೂ ಕ್ರಮೇಣ ಒಗ್ಗಿಸಿದರೆ ಸಮುದ್ರದ ನೀರಿನಲ್ಲಿಯೂ ಬದುಕಬಲ್ಲದು. ಸಿಹಿನೀರಿನ ಮೀನಿನ ರಕ್ತದಲ್ಲಿ ಸುತ್ತಲಿನ ನೀರಿಗಿಂತ ಹೆಚ್ಚು ಲವಣವಿರುವುದರಿಂದ ನೀರು ಸದಾ ಅದರ ದೇಹದೊಳಕ್ಕೆ ನುಗ್ಗುತ್ತಿರುತ್ತದೆ, ಅದನ್ನು ಹೊರಹಾಕಲು ಮೀನು ಶಕ್ತಿ ವ್ಯಯಿಸಬೇಕಾಗುತ್ತದೆ. ನೀರಿನಲ್ಲಿ ಸ್ವಲ್ಪ ಲವಣವಿದ್ದರೆ ಈ ಹೊರೆ ಹಗುರವಾಗುತ್ತದೆ. ಸುಣ್ಣದ ಅಂಶವು ಬೆಳೆಯುವ ಮರಿಯ ಮೂಳೆಗಳಿಗೆ ಬೇಕಾದುದೇ ಆಗಿದೆ. ಹೀಗಾಗಿ ಹಿತಮಿತವಾದ ಗಡಸು ರಿಜೆಕ್ಟ್ ನೀರು ಈ ಜಾತಿಗಳ ಮರಿಗಳಿಗೆ ಅನುಕೂಲಕರವೆಂದೇ ಹೇಳಬಹುದು.

ಇದಕ್ಕೆ ವಿರುದ್ಧವಾಗಿ, ಅಮೆಜಾನ್ ನದಿ ಪ್ರದೇಶದ ಡಿಸ್ಕಸ್, ನಿಯಾನ್ ಟೆಟ್ರಾ, ಕಾರ್ಡಿನಲ್ ಟೆಟ್ರಾ ಮೀನುಗಳು ಮೆದು ನೀರಿನ ಜಾತಿಗಳು. ಗಡಸು ನೀರಿನಲ್ಲಿ ಇವುಗಳ ಮೊಟ್ಟೆ ಫಲಿಸುವುದೂ ಒಡೆಯುವುದೂ ಕಷ್ಟ. ಹೆಚ್ಚು ಬೆಲೆಯ ಮೀನೆಂಬ ಆಸೆಯಿಂದ ಇವುಗಳನ್ನು ರಿಜೆಕ್ಟ್ ನೀರಿಗೆ ಬಿಡುವುದು ಹಣವನ್ನು ನೀರಿಗೆ ಹಾಕಿದಂತೆಯೇ ಸರಿ.

ಈ ಭೇದದಲ್ಲಿಯೇ ಒಂದು ವ್ಯಾಪಾರಿ ಅವಕಾಶವೂ ಅಡಗಿದೆ. ಡಿಸ್ಕಸ್ ಮತ್ತು ಟೆಟ್ರಾ ಸಾಕುವವರು ಮೆದು ನೀರಿಗಾಗಿ ತಾವೇ ಆರ್.ಓ. ಯಂತ್ರ ಇಟ್ಟುಕೊಳ್ಳುವುದುಂಟು. ಅಂಥವರು ಶುದ್ಧ ನೀರನ್ನು ಟೆಟ್ರಾ ತೊಟ್ಟಿಗೆ, ರಿಜೆಕ್ಟ್ ನೀರನ್ನು ಗಪ್ಪಿ ಮತ್ತು ಮೊಲ್ಲಿ ತೊಟ್ಟಿಗೆ ಹರಿಸಿದರೆ ಒಂದೇ ಯಂತ್ರದ ಎರಡೂ ನೀರು ದುಡಿಮೆಗೆ ಬರುತ್ತವೆ. ಮರಿಗಳ ಆಹಾರವಾದ ಆರ್ಟೀಮಿಯಾ ಸೀಗಡಿಯನ್ನು ಮೊಟ್ಟೆಯಿಂದ ಹೊರತರಿಸಲು ಲೀಟರಿಗೆ ಸುಮಾರು 25ರಿಂದ 30 ಗ್ರಾಂ ಉಪ್ಪಿನ ನೀರು ಬೇಕು. ಅದಕ್ಕೂ ರಿಜೆಕ್ಟ್ ನೀರಿಗೆ ಉಪ್ಪು ಬೆರೆಸಿ ಬಳಸಬಹುದು.

ಮೀಟರ್ ಹೇಳದ ಸಂಗತಿಗಳು

ಕೆಲವು ನೂರು ರೂಪಾಯಿಗಳಿಗೆ ದೊರೆಯುವ ಟಿ.ಡಿ.ಎಸ್. ಮೀಟರ್ ಉಪಯುಕ್ತ ಸಾಧನವೇನೋ ಹೌದು. ಆದರೆ ಅದು ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು ಒಟ್ಟು ಮೊತ್ತವನ್ನು ಅಂದಾಜಿಸುತ್ತದೆ, ಬಾಬ್ತುವಾರು ವಿವರ ಕೊಡುವುದಿಲ್ಲ. ಲೆಕ್ಕಪತ್ರದಲ್ಲಿ ಕೇವಲ ಒಟ್ಟು ಖರ್ಚಿನ ಅಂಕಿ ಕಂಡರೆ ವ್ಯವಹಾರದ ಸ್ಥಿತಿ ತಿಳಿಯದಂತೆ, ಕೇವಲ ಟಿ.ಡಿ.ಎಸ್. ಕಂಡರೆ ನೀರಿನ ಗುಣ ತಿಳಿಯುವುದಿಲ್ಲ.

ಕುಡಿಯುವ ನೀರಿಗೆ ಭಾರತೀಯ ಮಾನಕವಾದ ಐ.ಎಸ್. 10500 ಪ್ರಕಾರ ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದಾಗ 1.5ರವರೆಗೆ ಸಹ್ಯ. ಕೊಳವೆಬಾವಿಯ ನೀರು ಈ ಮಿತಿಯ ಅಂಚಿನಲ್ಲಿದ್ದರೆ, ಅರ್ಧದಷ್ಟು ನೀರು ಶುದ್ಧವಾಗಿ ಹೊರಬಿದ್ದಾಗ ರಿಜೆಕ್ಟ್ ನೀರಿನಲ್ಲಿ ಇವೆರಡೂ ಇಮ್ಮಡಿಯ ಸಮೀಪಕ್ಕೆ ಬರುತ್ತವೆ. ಕಬ್ಬಿಣವಿದ್ದರೆ ಅದೂ ಸಾಂದ್ರಗೊಂಡು, ಗಾಳಿ ತಾಕಿದಾಗ ಕೆಂಪು ಕಣಗಳಾಗಿ ಮರಿಗಳ ಕಿವಿರುಗಳಿಗೆ ಅಂಟಿಕೊಳ್ಳುತ್ತದೆ. ಫ್ಲೋರೈಡ್ ಪೀಡಿತ ಊರುಗಳಲ್ಲಿಯೇ ಶುದ್ಧ ನೀರಿನ ಘಟಕಗಳು ಅಗತ್ಯವಾದ್ದರಿಂದ ಈ ಪರೀಕ್ಷೆಯನ್ನು ಕಡೆಗಣಿಸುವಂತಿಲ್ಲ.

ಘಟಕದ ರಚನೆಯೂ ಮುಖ್ಯ. ಇಂದು ಬಳಕೆಯಲ್ಲಿರುವ ಪಾಲಿಅಮೈಡ್ ಪೊರೆಯು ಕ್ಲೋರಿನ್ ತಾಳದಾದ್ದರಿಂದ, ಕ್ಲೋರಿನ್ ಬೆರೆತ ನೀರನ್ನು ಮೊದಲು ಇದ್ದಿಲಿನ ಫಿಲ್ಟರಿನಲ್ಲಿ ಹಾಯಿಸುತ್ತಾರೆ. ಆದಕಾರಣ ಇದ್ದಿಲು ಸುಸ್ಥಿತಿಯಲ್ಲಿರುವವರೆಗೆ ರಿಜೆಕ್ಟ್ ನೀರಿನಲ್ಲಿಯೂ ಕ್ಲೋರಿನ್ ಇರುವುದಿಲ್ಲ. ಇದು ಮೀನು ಸಾಕುವವರಿಗೆ ಲಾಭದ ಸಂಗತಿ. ಆದರೆ ಪೊರೆಗೆ ಮುಂಚೆ ಉಪ್ಪು ಹಾಕಿ ನಡೆಸುವ ಸಾಫ್ಟನರ್ ಇದ್ದರೆ, ನೀರಿನ ಸುಣ್ಣದ ಅಂಶದ ಜಾಗದಲ್ಲಿ ಸೋಡಿಯಂ ಬಂದಿರುತ್ತದೆ. ಮೀಟರಿನ ಅಂಕಿ ಹೆಚ್ಚು ಕಡಿಮೆ ಅಷ್ಟೇ ಇದ್ದರೂ ಮರಿಗೆ ಬೇಕಾದ ಸುಣ್ಣ ಅದರಲ್ಲಿರುವುದಿಲ್ಲ. ಕ್ಲೋರಿನ್ ತೆಗೆಯಲು ಇದ್ದಿಲಿನ ಬದಲು ಬೈಸಲ್ಫೈಟ್ ರಾಸಾಯನಿಕ ಬಳಸುವ ಘಟಕಗಳಲ್ಲಿ ರಿಜೆಕ್ಟ್ ನೀರಿನ ಆಮ್ಲಜನಕ ಕಡಿಮೆಯಾಗಿರಬಹುದು. ಪೊರೆಯನ್ನು ಆಮ್ಲ ಮತ್ತು ಕ್ಷಾರಗಳಿಂದ ತೊಳೆದ ದಿನದ ನೀರಂತೂ ಮೀನಿಗೆ ಸರ್ವಥಾ ನಿಷಿದ್ಧ.

ಆದ್ದರಿಂದ ರಿಜೆಕ್ಟ್ ಕೊಳವೆಗೆ ಎರಡು ದಾರಿಯ ವಾಲ್ವ್ ಅಳವಡಿಸಿ, ಯಂತ್ರ ತೊಳೆಯುವಾಗಿನ ಮತ್ತು ಚಾಲೂ ಮಾಡಿದ ಮೊದಲ ಕೆಲವು ನಿಮಿಷಗಳ ನೀರನ್ನು ಬೇರೆಡೆಗೆ ತಿರುಗಿಸಬೇಕು. ಉಳಿದುದನ್ನು ಸಂಗ್ರಹ ತೊಟ್ಟಿಯಲ್ಲಿ ಒಂದು ದಿನ ಗಾಳಿ ಪಂಪಿನಿಂದ ಗಾಳಿಯಾಡಿಸಿ ಬಳಸುವುದು ಉತ್ತಮ. ಟಿ.ಡಿ.ಎಸ್. ಅಧಿಕವಾಗಿದ್ದರೆ ಮಳೆ ನೀರನ್ನು ಬೆರೆಸುವುದು ಅಗ್ಗದ ಉಪಾಯ. 1750ರ ನೀರಿಗೆ ಸಮಪ್ರಮಾಣದ ಮಳೆ ನೀರು ಬೆರೆಸಿದರೆ ಅದು ಸುಮಾರು 900ಕ್ಕೆ ಇಳಿಯುತ್ತದೆ.

ಕಣ್ಣಿಗೆ ಕಾಣದ ಶತ್ರು

ರಿಜೆಕ್ಟ್ ನೀರಿನಲ್ಲಿ ಮರಿಗಳು ಸಾಯುವುದಕ್ಕೆ ಉಪ್ಪೇ ಕಾರಣವಾಗಿರಬೇಕೆಂದಿಲ್ಲ. ಗಡಸು ನೀರು ಸಾಮಾನ್ಯವಾಗಿ ಕ್ಷಾರೀಯವಾಗಿದ್ದು, ಅದರ ಪಿ.ಎಚ್. ಮೌಲ್ಯ 8ರ ಆಸುಪಾಸಿನಲ್ಲಿರುತ್ತದೆ. ಮೀನಿನ ವಿಸರ್ಜನೆ ಮತ್ತು ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾದಲ್ಲಿ ವಿಷಕಾರಿ ರೂಪದ ಪಾಲು ಪಿ.ಎಚ್. ಜೊತೆಗೆ ಏರುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ ಪಿ.ಎಚ್. 7 ಇದ್ದಾಗ ಆ ಪಾಲು ಶೇ. 1ಕ್ಕಿಂತ ಕಡಿಮೆ, 8 ಇದ್ದಾಗ ಸುಮಾರು ಶೇ. 5, 8.5 ಇದ್ದಾಗ ಸುಮಾರು ಶೇ. 15. ಮೆದು ನೀರಿನಲ್ಲಿ ಕ್ಷಮ್ಯವೆನಿಸುವ ಒಂದು ಚಿಟಿಕೆ ಹೆಚ್ಚಿನ ಆಹಾರ ಗಡಸು ನೀರಿನಲ್ಲಿ ರಾತ್ರೋರಾತ್ರಿ ತೊಟ್ಟಿಯನ್ನು ಬರಿದು ಮಾಡಬಲ್ಲದು.

ಇದಕ್ಕೆ ಪರಿಹಾರ ದುಬಾರಿಯಲ್ಲ. ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪವೇ ಆಹಾರ ಕೊಡುವುದು, ಸ್ಪಾಂಜ್ ಫಿಲ್ಟರ್ ಅಳವಡಿಸಿ ಮರಿ ಬಿಡುವುದಕ್ಕೆ ಕೆಲವು ವಾರ ಮುಂಚೆಯೇ ಅದನ್ನು ಹದಗೊಳಿಸುವುದು, ತಳದ ಕಸವನ್ನು ಪ್ರತಿದಿನ ತೆಗೆದು ಐದನೇ ಒಂದು ಭಾಗ ನೀರು ಬದಲಿಸುವುದು, ಇಷ್ಟನ್ನು ನಿಷ್ಠೆಯಿಂದ ಪಾಲಿಸಿದರೆ ಸಾಕು. ತಾಯಿ ಮೀನುಗಳು ತಮ್ಮ ಮರಿಗಳನ್ನೇ ತಿನ್ನುವುದರಿಂದ ಮರಿಗಳನ್ನು ಹುಟ್ಟಿದೊಡನೆ ಬೇರ್ಪಡಿಸಬೇಕು.

ಉಳಿತಾಯ ಎಷ್ಟು, ಅಪಾಯ ಎಷ್ಟು?

ಒಂದು ಮಾದರಿ ಲೆಕ್ಕವನ್ನು ಪರಿಶೀಲಿಸಬಹುದು. ಇಲ್ಲಿನ ಅಂಕಿಗಳು ವಿಧಾನವನ್ನು ತೋರಿಸುವುದಕ್ಕಾಗಿ ಭಾವಿಸಿಕೊಂಡವು. ಪ್ರತಿಯೊಬ್ಬರೂ ತಮ್ಮ ಊರಿನ ದರಗಳನ್ನು ಹಾಕಿಕೊಳ್ಳುವುದು ಅಗತ್ಯ.

ಗಂಟೆಗೆ 1000 ಲೀಟರ್ ಶುದ್ಧ ನೀರು ಕೊಡುವ ಘಟಕವು ದಿನಕ್ಕೆ 8 ಗಂಟೆ ನಡೆದು ಅರ್ಧ ನೀರನ್ನು ಶುದ್ಧಗೊಳಿಸಿದರೆ 8000 ಲೀಟರ್ ರಿಜೆಕ್ಟ್ ನೀರು ಹೊರಬೀಳುತ್ತದೆ. 500 ಲೀಟರಿನ 10 ತೊಟ್ಟಿಗಳಲ್ಲಿ ದಿನಕ್ಕೆ ಐದನೇ ಒಂದು ಭಾಗ ಬದಲಿಸಲು ಬೇಕಾಗುವುದು 1000 ಲೀಟರ್. ಟ್ಯಾಂಕರ್ ನೀರಿಗೆ ಲೀಟರಿಗೆ 15 ಪೈಸೆಯೆಂದು ಹಿಡಿದರೆ ದಿನಕ್ಕೆ 150 ರೂಪಾಯಿ, ತಿಂಗಳಿಗೆ 4500 ರೂಪಾಯಿ ಉಳಿತಾಯ.

ಇನ್ನು ಮರಿಗಳ ಲೆಕ್ಕ. ಒಂದು ತೊಟ್ಟಿಗೆ 500 ಮರಿ ಬಿಟ್ಟು, ಮಾರಾಟದ ಗಾತ್ರಕ್ಕೆ ಬರುವ 3ರಿಂದ 4 ತಿಂಗಳವರೆಗೆ ಆಹಾರ, ವಿದ್ಯುತ್, ಕೂಲಿ ಸೇರಿ ತೊಟ್ಟಿಯೊಂದಕ್ಕೆ 1750 ರೂಪಾಯಿ ವೆಚ್ಚವಾಗಿ, ಮೀನಿನ ಸಗಟು ಬೆಲೆ 8 ರೂಪಾಯಿ ಇದೆಯೆಂದು ಭಾವಿಸೋಣ. ಶೇ. 70ರಷ್ಟು ಮರಿ ಉಳಿದರೆ 350 ಮೀನು ದೊರೆತು, ಮೀನೊಂದರ ವೆಚ್ಚ 5 ರೂಪಾಯಿಯಾಗಿ, ತೊಟ್ಟಿಗೆ 1050 ರೂಪಾಯಿ ಲಾಭ. ಶೇ. 40 ಮಾತ್ರ ಉಳಿದರೆ 200 ಮೀನು, ಮೀನೊಂದರ ವೆಚ್ಚ 8 ರೂಪಾಯಿ 75 ಪೈಸೆ, ತೊಟ್ಟಿಗೆ 150 ರೂಪಾಯಿ ನಷ್ಟ. ಹತ್ತೂ ತೊಟ್ಟಿಗಳ ಮೀನು ಮಾರಾಟದ ಹೊತ್ತಿಗೆ ಸತ್ತರೆ 17,500 ರೂಪಾಯಿ ಹೋದಂತೆ. ಅದು ಸುಮಾರು 4 ತಿಂಗಳ ನೀರಿನ ಉಳಿತಾಯಕ್ಕೆ ಸಮ. ಈ ವ್ಯವಹಾರದ ಲಾಭ-ನಷ್ಟವನ್ನು ನಿರ್ಧರಿಸುವುದು ಉಳಿದ ಮರಿಗಳ ಸಂಖ್ಯೆಯೇ ಹೊರತು ನೀರಿನ ಬೆಲೆಯಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ನೀರಿನ ಪರೀಕ್ಷೆಗೆ ತೆರುವ ಹಣವನ್ನು ಉಳಿಸಲು ಹೋಗುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಮಾರಾಟದ ಹಂತದಲ್ಲಿಯೂ ಎಚ್ಚರ ಬೇಕು. 1500ರ ಟಿ.ಡಿ.ಎಸ್. ನೀರಿನಲ್ಲಿ ಬೆಳೆದ ಗಪ್ಪಿಯನ್ನು ಬೆಂಗಳೂರಿನ ಕಾವೇರಿ ನೀರಿನ ತೊಟ್ಟಿಗೆ ಏಕಾಏಕಿ ಬಿಟ್ಟರೆ ಅದು ಆಘಾತಕ್ಕೊಳಗಾಗುತ್ತದೆ. ಗ್ರಾಹಕನ ಮನೆಯಲ್ಲಿ ಸತ್ತ ಮೀನು ಅಂಗಡಿಯವನ ಹೆಸರನ್ನು, ಅಂಗಡಿಯವನ ಮೂಲಕ ಸಾಕಿದವನ ಹೆಸರನ್ನು ಕೆಡಿಸುತ್ತದೆ. ಆದ್ದರಿಂದ ಮಾರಾಟಕ್ಕೆ ಮುಂಚೆ ಒಂದು ವಾರ ಕಾಲ ಪ್ರತಿದಿನ ಸ್ವಲ್ಪ ಸ್ವಲ್ಪ ಮೆದು ನೀರು ಬೆರೆಸುತ್ತಾ ಮೀನನ್ನು ಹೊಸ ನೀರಿಗೆ ಒಗ್ಗಿಸಿಯೇ ಕಳುಹಿಸಬೇಕು.

ಉಳಿದ ನೀರಿನ ಜವಾಬ್ದಾರಿ

ಮೇಲಿನ ಉದಾಹರಣೆಯಲ್ಲಿ 8000 ಲೀಟರಿನಲ್ಲಿ ಮೀನಿಗೆ ಬಳಕೆಯಾದುದು 1000 ಲೀಟರ್, ಅಂದರೆ ಎಂಟನೇ ಒಂದು ಭಾಗ. ಆ ನೀರೂ ಸ್ವಲ್ಪ ಆವಿಯಾಗಿ, ತನ್ನ ಲವಣವನ್ನೆಲ್ಲ ಉಳಿಸಿಕೊಂಡು, ಮೀನಿನ ಗೊಬ್ಬರವನ್ನೂ ಸೇರಿಸಿಕೊಂಡು ಮರಳಿ ಹೊರಬರುತ್ತದೆ. ಮೀನು ಸಾಕಣೆಯಿಂದ ರಿಜೆಕ್ಟ್ ನೀರಿನ ಸಮಸ್ಯೆ ಬಗೆಹರಿಯಿತೆಂದು ತಿಳಿಯುವುದು ಆತ್ಮವಂಚನೆಯಾಗುತ್ತದೆ. ನೆಲ ಮತ್ತು ಕ್ಯಾನುಗಳ ಹೊರಮೈ ತೊಳೆಯಲು, ಶೌಚಾಲಯಕ್ಕೆ, ಉಪ್ಪು ಸಹಿಸುವ ತೆಂಗಿನಂತಹ ಮರಗಳಿಗೆ ಮಿತವಾಗಿ ಈ ನೀರನ್ನು ಹಂಚಬಹುದು. ಕೊಳವೆಬಾವಿಯ ಪಕ್ಕದ ಇಂಗುಗುಂಡಿಗೆ ಬಿಟ್ಟರೆ ಮಾತ್ರ ಅದೇ ಉಪ್ಪು ಮರಳಿ ಅದೇ ಬಾವಿಗೆ ಬಂದು, ಮುಂದಿನ ವರ್ಷಗಳಲ್ಲಿ ಪೊರೆಯ ಖರ್ಚನ್ನೂ ಕುಡಿಯುವವರ ಕಷ್ಟವನ್ನೂ ಹೆಚ್ಚಿಸುತ್ತದೆ. ತೊಟ್ಟಿಯ ನೀರಿನೊಡನೆ ಗಪ್ಪಿಯಂತಹ ವಿದೇಶಿ ಮೀನುಗಳು ಕೆರೆ-ಕುಂಟೆಗಳಿಗೆ ಸೇರದಂತೆ ಹೊರಹರಿವಿಗೆ ಜಾಲರಿ ಹಾಕುವುದೂ ಸಾಕುವವರ ಕರ್ತವ್ಯ.

ತೆರಿಗೆ ಮತ್ತು ನೆರವು

ಜೀವಂತ ಮೀನಿನ ಮಾರಾಟಕ್ಕೆ ಸರಕು ಮತ್ತು ಸೇವಾ ತೆರಿಗೆಯಿಂದ ವಿನಾಯಿತಿ ಇದೆ. ಇದನ್ನು ಕೇಳಿ ಸಂತೋಷಪಡುವ ಮೊದಲು, ವಿನಾಯಿತಿ ಪಡೆದ ಸರಕಿಗಾಗಿ ಕೊಂಡ ಪಂಪು, ತೊಟ್ಟಿ, ಫಿಲ್ಟರುಗಳ ಮೇಲೆ ತೆತ್ತ ತೆರಿಗೆಗೆ ಹೂಡುವಳಿ ಜಮೆ ದೊರೆಯುವುದಿಲ್ಲ ಎಂಬುದನ್ನು ಗಮನಿಸಬೇಕು. ಆ ತೆರಿಗೆಯನ್ನು ಯೋಜನಾ ವೆಚ್ಚಕ್ಕೇ ಸೇರಿಸಿ ಲೆಕ್ಕ ಹಾಕುವುದು ಸರಿಯಾದ ಕ್ರಮ. ಮೀನು ಸಾಕಣೆಯ ಆದಾಯವು ಆದಾಯ ತೆರಿಗೆಯ ದೃಷ್ಟಿಯಲ್ಲಿ ಕೃಷಿ ಆದಾಯವಲ್ಲ, ವ್ಯವಹಾರದ ಆದಾಯ. ನೀರಿನ ಘಟಕ ಮತ್ತು ಮೀನಿನ ವಿಭಾಗಕ್ಕೆ ಪ್ರತ್ಯೇಕ ಲೆಕ್ಕಪುಸ್ತಕ ಇಟ್ಟರೆ ಯಾವುದು ಲಾಭದಲ್ಲಿದೆ ಎಂಬುದು ತಿಳಿಯುತ್ತದೆ, ತೆರಿಗೆ ವಿವರಗಳಲ್ಲಿಯೂ ಗೊಂದಲವಿರುವುದಿಲ್ಲ.

2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯ ಮಾರ್ಗಸೂಚಿಯಲ್ಲಿ ಹಿತ್ತಲ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ ಹಾಗೂ ಮಧ್ಯಮ ಘಟಕಕ್ಕೆ 8 ಲಕ್ಷ ರೂಪಾಯಿ ಘಟಕ ವೆಚ್ಚ ನಿಗದಿಪಡಿಸಿ, ಅದರ ಮೇಲೆ ಸಾಮಾನ್ಯ ವರ್ಗದವರಿಗೆ ಶೇ. 40 ಹಾಗೂ ಪರಿಶಿಷ್ಟ ಜಾತಿ, ಪಂಗಡ ಮತ್ತು ಮಹಿಳೆಯರಿಗೆ ಶೇ. 60ರಷ್ಟು ನೆರವು ಗೊತ್ತುಪಡಿಸಲಾಯಿತು. ಅರ್ಜಿ ಸಲ್ಲಿಸುವ ವರ್ಷದಲ್ಲಿ ಅನುದಾನ ಲಭ್ಯವಿದೆಯೇ ಎಂಬುದನ್ನು ಜಿಲ್ಲಾ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕು. ಸಹಾಯಧನ ಬರುತ್ತದೆಂಬ ಏಕೈಕ ಕಾರಣಕ್ಕೆ ಆರಂಭಿಸಿದ ಉದ್ಯಮ ಬಹುಕಾಲ ಬಾಳುವುದಿಲ್ಲ. ತಾಂತ್ರಿಕ ಸಲಹೆಗೆ ಹೆಸರಘಟ್ಟದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಸಂಶೋಧನಾ ಕೇಂದ್ರ ಮತ್ತು 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜನ್ನು ಸಂಪರ್ಕಿಸಬಹುದು.

ಮೊದಲು ಒಂದೇ ತೊಟ್ಟಿ

ಆಸಕ್ತ ಉದ್ದಿಮೆದಾರರು ಮೊದಲಿಗೆ ರಿಜೆಕ್ಟ್ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಗಡಸುತನ, ಪಿ.ಎಚ್., ನೈಟ್ರೇಟ್, ಫ್ಲೋರೈಡ್ ಮತ್ತು ಕಬ್ಬಿಣದ ವರದಿ ಪಡೆಯುವುದು ಲೇಸು. ಅನಂತರ ಒಂದೇ ತೊಟ್ಟಿಯಲ್ಲಿ ಗಪ್ಪಿ ಅಥವಾ ಮೊಲ್ಲಿಯ ಕೆಲವೇ ಮರಿಗಳನ್ನು ಬಿಟ್ಟು, ಒಂದು ತಂಡ ಮಾರಾಟಕ್ಕೆ ಬರುವವರೆಗೆ ನೋಡಬೇಕು. ಬಿಟ್ಟ ಮರಿ, ಸತ್ತ ಮರಿ, ಹಾಕಿದ ಆಹಾರ, ಬದಲಿಸಿದ ನೀರು ಮತ್ತು ಆ ದಿನದ ಟಿ.ಡಿ.ಎಸ್. ಇವಿಷ್ಟನ್ನೂ ಪ್ರತಿದಿನ ಬರೆದಿಡಬೇಕು. ಬೇಸಿಗೆಯಲ್ಲಿ ಅಂತರ್ಜಲ ಕುಸಿದಾಗ ಕೊಳವೆಬಾವಿಯ ನೀರಿನ ಗುಣ ಬದಲಾಗುವುದುಂಟಾದ್ದರಿಂದ, ಬೇಸಿಗೆಯ ಲೆಕ್ಕವಿಲ್ಲದೆ ಹತ್ತು ತೊಟ್ಟಿಗಳಿಗೆ ಬಂಡವಾಳ ಹಾಕುವುದು ಸೂಕ್ತವಲ್ಲ.

ಬರಗಾಲ ಹೊಸದಲ್ಲದ ಜಿಲ್ಲೆಗಳಲ್ಲಿ ಮೇಲೆತ್ತಿದ ಪ್ರತಿ ಕೊಡ ನೀರಿಗೂ ಎರಡನೆಯ ಬಳಕೆ ಹುಡುಕುವುದು ಅಗತ್ಯವೂ ಹೌದು, ವ್ಯಾಪಾರವೂ ಹೌದು. ಒಂದು ತೊಟ್ಟಿಯ ದಿನಚರಿ ಪುಸ್ತಕ ಒಂದು ಬೇಸಿಗೆಯನ್ನು ದಾಟಿ ಲಾಭ ತೋರಿಸಿದರೆ ಎರಡನೆಯ ತೊಟ್ಟಿಗೆ ಹಣ ಹಾಕಬಹುದು. ತೋರಿಸದಿದ್ದರೆ ನಷ್ಟವು ಒಂದು ತೊಟ್ಟಿಯ ಮಿತಿಯಲ್ಲೇ ಉಳಿಯುತ್ತದೆ.